ಎಲ್ಲರೂ ಫ್ರಾನ್ಸಿಸ್ ಕೋವಿ ಎನ್ನುವ ನನ್ನ ಕೋವಿ

ಕೋವಿ ಕೆಲಸ ಕಲಿಯಬೇಕೆಂದು ಬರುವವರು ನನ್ನನ್ನು ಮೊದಲು ಕೇಳುವುದು, "ಸಾರ್, ನೀವು ಹುಲಿ ಹೊಡ್ದಿದ್ದೀರಾ?" ಎಂದು. ಹುಲಿ ಇರಲಿ, ಮನೆಯ ಇಲಿಯನ್ನೂ ನಾನು ಹೊಡೆದವನಲ್ಲ. ಅದನ್ನು ಬೋನಿನಲ್ಲಿ ಹಿಡಿದು ಮೋರಿಯಾಚೆ ಬಿಟ್ಟು ಬರುವುದು ನನ್ನ ಹೆಂಡತಿ ಸರೋಜಾಳ ಕೆಲಸ. ಪೀಣ್ಯದ ಒಂದು ಶೆಡ್ಡಿನಲ್ಲಿ ನಿಂತು ಬೇರೆಯವರು ಹೊಡೆಯುವ ಕೋವಿಗಳನ್ನು ರಿಪೇರಿ ಮಾಡಿ ಕೊಟ್ಟು, ಬೆನ್ನು ಬಾಗಿಸಿಕೊಂಡು ಮನೆಗೆ ಬಂದವನು ನಾನು. ಹೆಸರು ನರಸಿಂಹಮೂರ್ತಿ. ಹೆಸರಿನಲ್ಲಿ ಇರುವಷ್ಟು ಸಿಂಹ ಮೈಯಲ್ಲಿ ಇಲ್ಲ.

ಈ ಕೆಲಸದ ಬಗ್ಗೆ ಸಿನಿಮಾ ನೋಡಿ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ನಮಗೆ ಅನ್ನ ಹಾಕುತ್ತಿದ್ದದ್ದು ಶಿಕಾರಿಯಲ್ಲ, ಬ್ಯಾಂಕುಗಳ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವ ಕಾವಲುಗಾರರ ಕೋವಿ. ಬೇಟೆಗೆ ಆಗಲೇ ಕಾನೂನು ಬೀಗ ಹಾಕಿತ್ತು. ಬ್ಯಾಂಕಿನ ಕೋವಿಯನ್ನು ಒಮ್ಮೆಯೂ ಯಾರೂ ಹಾರಿಸಿರುತ್ತಿರಲಿಲ್ಲ. ಒಂದರ ನಳಿಗೆಯೊಳಗೆ ಕಣಜ ಗೂಡು ಕಟ್ಟಿ, ಮರಿ ಮಾಡಿ, ಸಂಸಾರ ಮುಗಿಸಿ ಹಾರಿಹೋಗಿತ್ತು. ಉಳಿದದ್ದು ಮಾಕಳಿ, ನೆಲಮಂಗಲದ ಕಡೆಯ ಹಳ್ಳಿಗಳಿಂದ ಹಂದಿ ಬೆದರಿಸಲು ಇಟ್ಟುಕೊಂಡ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ಆಗಾಗ ಠಾಣೆಯಿಂದ ಬಂದು ನಮ್ಮ ಲೈಸೆನ್ಸ್ ನೋಡುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಹೋಗುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ದಿನವಿಡೀ ತಗಡು ಒತ್ತುವ ಪ್ರೆಸ್ ಬಡಿಯುತ್ತಿತ್ತು. ನಮ್ಮದೇ ಆ ಬೀದಿಯಲ್ಲಿ ಅತಿ ನಿಶ್ಶಬ್ದದ ಕಾರ್ಖಾನೆ.

ನಮ್ಮ ಯಜಮಾನರು ಮಾದಪ್ಪನವರು. ಅವರ ತಂದೆಯ ಕಾಲಕ್ಕೆ ಅಂಗಡಿ ದಂಡಿನ ಕಡೆ ಇತ್ತು. ಮಾದಪ್ಪನವರು ಬಯ್ಯುತ್ತಿರಲಿಲ್ಲ. ನಾವು ತಪ್ಪು ಮಾಡಿದರೆ ಕೈಯಲ್ಲಿದ್ದ ಉಪಕರಣವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಆ ಸದ್ದಿಗಿಂತ ಬೈಗುಳವೇ ಎಷ್ಟೋ ವಾಸಿ. ಮೆಚ್ಚಿಕೊಂಡರೆ "ಪರವಾಗಿಲ್ಲ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ, ಕನಿಷ್ಠ ನನ್ನ ವಿಷಯದಲ್ಲಿ.

ನನ್ನ ಜೊತೆ ಕೆಲಸಕ್ಕೆ ಫ್ರಾನ್ಸಿಸ್ ಎಂಬವನು ಸೇರಿದ ಹೊಸದರಲ್ಲಿ ಮಾಕಳಿಯಿಂದ ಒಬ್ಬ ರೈತ ಗೋಣಿಚೀಲದಲ್ಲಿ ಸುತ್ತಿಕೊಂಡು ಕೇಪಿನ ಕೋವಿ ತಂದ. "ಸ್ವಾಮಿ, ಓದ ವರ್ಸ ಅಂಗೇ ಅಟ್ಟದ ಮ್ಯಾಲೆ ಮಡಗಿದ್ದೆ. ಈಗ ಕುದುರೆ ಎಳೆದ್ರೆ ಬೀಳಾಕಿಲ್ಲ," ಎಂದ. ಕುದುರೆ ಎಂದರೆ ಮೇಲೆ ಬಡಿಯುವ ಸುತ್ತಿಗೆಯಂಥ ಭಾಗ. ತುಕ್ಕು ಹಿಡಿದಿದೆ, ಸ್ವಲ್ಪ ಕಾಯಿಸಿದರೆ ಬಿಡುತ್ತದೆ ಎಂದು ನಾನು ಕೋವಿಯನ್ನು ವೈಸಿಗೆ ಕಚ್ಚಿಸಿ ಊದುದೀಪ ಹತ್ತಿಸಿದೆ. ಫ್ರಾನ್ಸಿಸ್ ಹಲ್ಲಿನಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡು ಬಂದು, ಉದ್ದ ಕಂಬಿಯೊಂದನ್ನು ನಳಿಗೆಯೊಳಗೆ ಇಳಿಸಿ ನೋಡಿದ. ಕಂಬಿ ತಳ ಮುಟ್ಟಲಿಲ್ಲ.

"ಒಳಗಿದೆ ಗುರು," ಎಂದ.

ಹೋದ ವರ್ಷ ತುಂಬಿದ ಮದ್ದು, ಚೂರು ಸೀಸ, ಎಲ್ಲ ಒಳಗೇ ಇತ್ತು. ಇನ್ನು ಸ್ವಲ್ಪ ಕಾದಿದ್ದರೆ ಎದುರಿನ ಗೋಡೆಯ ಮೇಲಿದ್ದ ಲಕ್ಷ್ಮಿಯ ಪಟ ಇರುತ್ತಿರಲಿಲ್ಲ. ಪಟದ ಕೆಳಗೆ ಕೂತು ಬೀಡಿ ಸೇದುತ್ತಿದ್ದ ರೈತನೂ ಇರುತ್ತಿರಲಿಲ್ಲ. ಮಾದಪ್ಪನವರು ಕೈಯಲ್ಲಿದ್ದ ಅರವನ್ನು ಮೇಜಿನ ಮೇಲೆ ಇಟ್ಟರು. ಕೈಗೆ ಬಂದ ಕೋವಿಯನ್ನು ತುಂಬಿದೆ ಎಂದೇ ತಿಳಿಯಬೇಕು. ಇದು ಮೊದಲ ಪಾಠ, ನಾನು ಅದನ್ನು ಆ ದಿನ ಕಲಿತೆ. ಒಬ್ಬನ ಮೇಲಿನ ಹೊಟ್ಟೆಕಿಚ್ಚು ಎಷ್ಟು ಸುಲಭವಾಗಿ ಹತ್ತಿಕೊಳ್ಳುತ್ತದೆ ಎಂಬುದನ್ನೂ ಅದೇ ದಿನ ಕಲಿತೆ. ಜೀವ ಉಳಿಸಿದವನ ಮೇಲೆ ಕಿಚ್ಚು ಹುಟ್ಟುತ್ತದೆಯೇ ಎಂದು ಕೇಳಬೇಡಿ. ಅಂಥವನ ಮೇಲೆಯೇ ಚೆನ್ನಾಗಿ ಹುಟ್ಟುತ್ತದೆ.

ಫ್ರಾನ್ಸಿಸ್ ವಿನಯವಂತನಾಗಿದ್ದರೆ ಸಹಿಸಬಹುದಿತ್ತು. ಅವನು ಕೆಲಸದ ಮಧ್ಯೆ ಜೇಬಿನಿಂದ ಬಾಚಣಿಗೆ ತೆಗೆದು ಕೋವಿಯ ಹೊಳಪಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದ. ತನ್ನ ಕೆಲಸವನ್ನು ತಾನೇ "ಸಕ್ಕತ್" ಎಂದು ಹೊಗಳಿಕೊಳ್ಳುತ್ತಿದ್ದ. ಅದು ನಿಜವಾಗಿಯೂ ಸಕ್ಕತ್ತಾಗಿರುತ್ತಿತ್ತು, ಅದೇ ನೋವು. ಬಂದವರೆಲ್ಲರ ಜೊತೆ ಹರಟುತ್ತಿದ್ದ. ಬ್ಯಾಂಕಿನ ಕಾವಲುಗಾರನ ಮಗಳ ಮದುವೆ ಯಾವ ಛತ್ರದಲ್ಲಿ ಎಂಬುದು ಅವನಿಗೆ ಗೊತ್ತು. ನನಗೆ ಆ ಕಾವಲುಗಾರನ ಕೋವಿಯ ನಂಬರು ಮಾತ್ರ ಗೊತ್ತು. ಒಂದು ಭಾನುವಾರ ರಾಜಗೋಪಾಲನಗರದ ನಮ್ಮ ಮನೆಗೆ ಊಟಕ್ಕೆ ಬಂದು, ಸರೋಜಾ ಮಾಡಿದ ಹುರುಳಿಕಾಳಿನ ಬಸ್ಸಾರನ್ನು ಮೂರು ಸಲ ಹಾಕಿಸಿಕೊಂಡ. ಹೋದ ಮೇಲೆ ಅವಳು, "ಎಷ್ಟು ಒಳ್ಳೆಯವರು ಕಣ್ರೀ. ಊಟದ ರುಚಿ ಹೇಳೋದಕ್ಕೂ ಬಾಯಿ ಬೇಕು," ಎಂದಳು. ಅದು ನನಗೆ ಹೇಳಿದ ಮಾತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಕೋವಿಯ ವಿಷಯಕ್ಕೆ ಬರುತ್ತೇನೆ. ಕೊಡಗಿನಿಂದ ಬೋಪಯ್ಯ ಎಂಬ ಕಾಫಿ ಪ್ಲಾಂಟರು ಜೀಪಿನಲ್ಲಿ ಬಂದರು. ಜೊತೆಯಲ್ಲಿ ಹೆಂಡತಿ ಮುತ್ತಮ್ಮ. ಅವರ ಕಡೆ ಆನೆಯೊಂದು ಪುಂಡಾಗಿ ಕೂಲಿಯವರನ್ನು ಕೊಂದಿತ್ತು. ಅಂಥ ಆನೆಯನ್ನು ಸರ್ಕಾರವೇ ಪುಂಡಾನೆ ಎಂದು ಸಾರಿ ಹೊಡೆಯಲು ಅನುಮತಿ ಕೊಟ್ಟಾಗ, ಅರಣ್ಯ ಇಲಾಖೆಯವರು ಅವರ ಮನೆಗೆ ಹೇಳಿ ಕಳಿಸುತ್ತಿದ್ದರಂತೆ. ಅದಕ್ಕೆ ಒಂದು ದೊಡ್ಡ ಕೋವಿ ಬೇಕು, ಅಂಗಡಿಯ ಕೋವಿ ಬೇಡ, ಅಳತೆಗೆ ತಕ್ಕಂತೆ ಕಟ್ಟಿಕೊಡಿ ಎಂದರು.

ಅಂಥ ಮಾತು ನಮ್ಮ ಶೆಡ್ಡಿನಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ವಿದೇಶದಿಂದ ಸಾಮಾನು ತರಿಸುವ ಹಾಗಿರಲಿಲ್ಲ. ಮಾದಪ್ಪನವರ ತಂದೆ ಇಟ್ಟುಹೋಗಿದ್ದ ಒಂದು ಹಳೆಯ ಜರ್ಮನ್ ಬೋಲ್ಟು, ಅಂದರೆ ಹಿಂದೆ ಮುಂದೆ ಜಾರಿ ತೋಟಾವನ್ನು ಒಳಗೆ ಬಿಗಿಯುವ ಕೋವಿಯ ಹೃದಯಭಾಗ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇತ್ತು. ಒಳಗೆ ಸುರುಳಿ ಗೀರು ಹಾಕಿದ, ತೋಟಾ ಕೂರುವ ಗೂಡನ್ನು ಇನ್ನೂ ಕೊರೆಯದ ನಳಿಗೆಗಳು ಎರಡೇ ಉಳಿದಿದ್ದವು. ಒಂದು ತ್ರೀ ಸೆವೆಂಟಿ ಫೈವ್ ಅಳತೆಯದು, ಇನ್ನೊಂದು ಅದಕ್ಕಿಂತ ದೊಡ್ಡ ಬಾಯಿಯ ಫೋರ್ ಫಿಫ್ಟಿ ಎಯ್ಟ್. ಯಾವ ನಳಿಗೆ ಎನ್ನುವುದು ತೀರ್ಮಾನವಾದರೆ ಯಾವ ತೋಟಾ ಎನ್ನುವುದೂ ತೀರ್ಮಾನ. ಒಮ್ಮೆ ಗೂಡು ಕೊರೆದ ಮೇಲೆ ಆ ಕೋವಿ ಬೇರೆ ತೋಟಾವನ್ನು ಒಪ್ಪುವುದಿಲ್ಲ. ಗಂಡ ಹೆಂಡತಿಯರಾದರೂ ಬಿಟ್ಟು ಬೇರೆಯವರನ್ನು ಕಟ್ಟಿಕೊಳ್ಳಬಹುದು.

ಗೂಡು ಕೊರೆಯುವ ರೀಮರುಗಳ ಪೆಟ್ಟಿಗೆಯ ಬೀಗದ ಕೈ ಮಾದಪ್ಪನವರ ಸೊಂಟದಲ್ಲಿರುತ್ತಿತ್ತು. ಅವರಿಗೆ ಕಣ್ಣು ಮಂಜಾಗುತ್ತ ಬಂದಿತ್ತು. "ಈ ಕೋವಿಗೆ ಸರಿಯಾದ ತೋಟಾ ಯಾರು ಹೇಳ್ತೀರೋ ಅವರ ಕೈಗೆ ಬೀಗದ ಕೈ ಕೊಡ್ತೀನಿ," ಎಂದು ನಮ್ಮಿಬ್ಬರನ್ನೂ ಕರೆದು ಹೇಳಿದರು. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ತೋಟಾ ಆರಿಸಿದವನೇ ಭುಜ ಕೊಟ್ಟು ಮೊದಲ ಗುಂಡು ಹೊಡೆಯಬೇಕು. ಆಯ್ಕೆ ತಪ್ಪಾಗಿದ್ದರೆ ಒದೆ ಅವನಿಗೇ ಮೊದಲು ಬೀಳಲಿ ಎಂದು ಹಿರಿಯರು ಮಾಡಿದ ಏರ್ಪಾಡು. ನನಗೆ ಆ ಒದೆ ಬೇಕಾಗಿತ್ತು. ಬೀಗದ ಕೈಯಂತೂ ಬೇಕೇ ಬೇಕಾಗಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನೇ ಆ ಶೆಡ್ಡಿನ ದೊಡ್ಡ ಮಿಸ್ತ್ರಿ.

ನಾಲ್ಕು ದಿನದ ಮೇಲೆ ಗಂಡ ಹೆಂಡತಿ ಅಳತೆ ಕೊಡಲು ಮತ್ತೆ ಬಂದರು. ಬೋಪಯ್ಯನವರು ಬಾಗಿಲಿನಷ್ಟು ಎತ್ತರ, ಬಾಗಿಲಿನಷ್ಟೇ ಅಗಲ. ನಾನು ಟೇಪು ಹಿಡಿದು ಅವರ ಭುಜ ಅಳೆದೆ, ಮೊಣಕೈಯಿಂದ ಬೆರಳಿನವರೆಗೆ ಅಳೆದೆ, ಕುತ್ತಿಗೆ ಅಳೆದೆ. ಮದುವೆಯ ಸೂಟಿಗೆ ನಿಂತ ವರನಂತೆ ಅವರು ಖುಷಿಯಿಂದ ತಿರುಗಿ ತಿರುಗಿ ನಿಂತರು. ಮುತ್ತಮ್ಮನವರು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಅದಕ್ಕೂ ಮುಂಚೆ ಇಬ್ಬರೂ ಗೋಡೆಯ ಕೋವಿಗಳನ್ನು ನೋಡಿದ್ದರು. ಬೋಪಯ್ಯನವರು ಒಂದನ್ನು ಎತ್ತಿಕೊಂಡವರೇ ಸೀದಾ ಸೂರಿಗೆ ಗುರಿ ಹಿಡಿದರು. ಮುತ್ತಮ್ಮನವರು ಇನ್ನೊಂದನ್ನು ಎತ್ತಿಕೊಂಡು, ಬಾಯಿಯನ್ನು ನೆಲದ ಕಡೆ ಮಾಡಿ, ಬೋಲ್ಟು ತೆಗೆದು, ಒಳಗೆ ಬೆರಳಿಟ್ಟು ಖಾಲಿಯೆಂದು ನೋಡಿ, ಆಮೇಲೆ ಹೆಗಲಿಗೇರಿಸಿದ್ದರು. ನಾನು ಅದನ್ನು ಕಣ್ಣಾರೆ ನೋಡಿದ್ದೆ.

ಮಾದಪ್ಪನವರು, "ಹೇಳು ಮೂರ್ತಿ," ಎಂದರು.

ನಾನು ನಾಲ್ಕು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಭಾಷಣ ಅದು. ಆನೆಯ ತಲೆಬುರುಡೆ ಎಷ್ಟು ದಪ್ಪ, ಕಾಫಿ ತೋಟದ ಪೊದೆಯಲ್ಲಿ ಅದು ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತದೆ, ಭಾರವಾದ ಗುಂಡು ಹೇಗೆ ಒಂದೇ ಪೆಟ್ಟಿಗೆ ನಿಲ್ಲಿಸುತ್ತದೆ, ಎಲ್ಲ ಹೇಳಿದೆ. "ಒದೆತ ಜಾಸ್ತಿ. ಆದ್ರೆ ಸಾರ್ ಅವರ ಮೈಕಟ್ಟಿಗೆ ಅದು ಲೆಕ್ಕಕ್ಕೇ ಬರಲ್ಲ. ಫೋರ್ ಫಿಫ್ಟಿ ಎಯ್ಟೇ ಸರಿ," ಎಂದು ಮುಗಿಸಿದೆ. ಬೋಪಯ್ಯನವರು ಎದೆ ಉಬ್ಬಿಸಿ ತಲೆಯಾಡಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ನಾನು ಬೀಗದ ಕೈಗೆ ಯಾವ ದಾರ ಕಟ್ಟಿಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ.

ಫ್ರಾನ್ಸಿಸ್ ಆನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೆಂಚಿನ ಕಡೆ ತಿರುಗಿ, "ಅಮ್ಮಾ, ಹೊಡೆಯೋರು ಯಾರು?" ಎಂದ.

ಮುತ್ತಮ್ಮನವರು ಲೋಟ ಕೆಳಗಿಟ್ಟರು. "ನಾನು," ಎಂದರು.

ನಾನು ಕೈಯಲ್ಲಿದ್ದ ಟೇಪನ್ನು ನೋಡಿಕೊಂಡೆ. ಅದರ ತುಂಬ ಗಂಡನ ಅಳತೆ.

ಮಾದಪ್ಪನವರು ಬೋಪಯ್ಯನವರನ್ನು, "ಏನು ಸಾರ್, ಮೊದಲೇ ಹೇಳಬಾರದಿತ್ತಾ?" ಎಂದರು.

"ಯಾರು ಕೇಳಿದ್ರು?" ಎಂದರು ಅವರು ಮುಗ್ಧವಾಗಿ. "ಇವರು ಟೇಪು ಹಿಡ್ಕೊಂಡು ಬಂದ್ರು. ಕೋವಿ ಕಟ್ಟೋಕೆ ಮನೆ ಯಜಮಾನನ ಅಳತೆಯೂ ಬೇಕೇನೋ ಅಂದ್ಕೊಂಡು ನಿಂತೆ. ನಂಗೆ ಮೊಲವನ್ನೂ ಹೊಡೆಯೋಕೆ ಬರಲ್ಲ. ಇಲಾಖೆಯೋರು ಹೇಳಿ ಕಳಿಸೋದು ಇವಳಿಗೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಾರಲ್ಲ, ನಾನು ಕಟ್ಟಿ, ಹುಲ್ಲೂ ಹಾಕಿ, ಹಾಲು ಕರೆಯಲು ಚೊಂಬು ಹಿಡಿದು ಕೂತಿದ್ದೆ.

ಫ್ರಾನ್ಸಿಸ್ ಇನ್ನೊಂದು ಪ್ರಶ್ನೆ ಕೇಳಿದ. "ಮನೇಲಿ ಯಾವ ತೋಟಾ ಇದೆ ಅಮ್ಮಾ?"

"ತ್ರೀ ಸೆವೆಂಟಿ ಫೈವ್. ನಮ್ಮಪ್ಪ ಇಟ್ಟಿದ್ದು. ಪಾಲಾದಾಗ ಕೋವಿ ಅಣ್ಣನಿಗೆ ಹೋಯ್ತು, ತೋಟಾ ಪೆಟ್ಟಿಗೆ ನಂಗೆ ಬಂತು. ಕಲಿಸಿದ್ದು ಅಪ್ಪ ನಂಗೆ. ಅಣ್ಣನ ಕೋವಿ ಗೋಡೆ ಮೇಲಿದೆ. ಪ್ರತಿ ಸಲ ಅವರ ಮನೆಗೆ ಹೋದಾಗ ನೋಡಿ ಹೊಟ್ಟೆ ಉರ್ಕೊಂಡು ಬರ್ತೀನಿ." ಅವರು ನಕ್ಕು, ಆಮೇಲೆ ನನ್ನ ಕಡೆ ತಿರುಗಿದರು. "ನೀವು ಹೇಳಿದ ದೊಡ್ಡದನ್ನೂ ಹೊಡೆದಿದ್ದೀನಿ, ಮೂರ್ತಿಯವರೇ. ಹೊಡೆಯೋಕೆ ಆಗದೆ ಏನಿಲ್ಲ. ಒದ್ದ ಮೇಲೆ ಕೋವಿ ಮತ್ತೆ ಗುರಿಗೆ ಬರೋದು ನಿಧಾನ. ಆನೆ ಅಷ್ಟು ಹೊತ್ತು ಕಾಯಲ್ಲ."

ಒಳ್ಳೆಯ ಹೆಂಗಸು. ನನ್ನ ಆಯ್ಕೆಯನ್ನು ಮರ್ಯಾದೆಯಿಂದ ಮಣ್ಣು ಮಾಡಿದರು. ಹೊಟ್ಟೆ ಉರಿಯುತ್ತದೆ ಎಂದು ಅಷ್ಟು ಸಲೀಸಾಗಿ ಹೇಳಿ ನಗಲು ಅವರಿಗೆ ಹೇಗೆ ಬಂತು ಎಂದು ಅದಕ್ಕೂ ಹೊಟ್ಟೆ ಉರಿಯಿತು. ಅವರು ಹೋದ ಮೇಲೆ ನಾನು ಫ್ರಾನ್ಸಿಸ್‌ನನ್ನು, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಆಯಮ್ಮ ಬೋಲ್ಟ್ ತೆಗೆದು ಬೆರಳಿಟ್ಟು ನೋಡಿದ್ರಲ್ಲ ಮಚ್ಚಾ. ನೀನೂ ಅಲ್ಲೇ ಇದ್ದೆ," ಎಂದ.

ಇದ್ದೆ. ನೋಡಿದ್ದು ನನ್ನ ಕಣ್ಣೂ ಹೌದು, ಕಂಡದ್ದು ಅವನಿಗೆ.

ತ್ರೀ ಸೆವೆಂಟಿ ಫೈವ್ ಎಂದೇ ತೀರ್ಮಾನವಾಗಿ ಕೆಲಸ ಹಂಚಿಕೆಯಾಯಿತು. ಹೆಗಲಿಗೆ ಆನಿಸುವ ಮರದ ಕೆಲಸ ಮತ್ತು ಗುರಿಕಟ್ಟು ಫ್ರಾನ್ಸಿಸ್‌ಗೆ, ನಳಿಗೆ, ಗೂಡು, ಬೋಲ್ಟು ನನಗೆ. ಗೂಡು ಎಷ್ಟು ಚೆನ್ನಾಗಿ ಕೊರೆಯುತ್ತೇನೆಂದರೆ ಆ ಒಂದು ಪ್ರಶ್ನೆಯನ್ನು ಎಲ್ಲರೂ ಮರೆಯಬೇಕು ಎಂದು ಹಠ ತೊಟ್ಟೆ. ಪೀಣ್ಯದಲ್ಲಿ ಕರೆಂಟು ಹೋಗುವುದು ಬರುವುದು ಇದ್ದೇ ಇತ್ತು. ಅದನ್ನು ನಂಬಿ ಲೇತಿಗೆ ಕೊಟ್ಟರೆ ಮಧ್ಯದಲ್ಲಿ ಕೈಕೊಡುತ್ತದೆಂದು ರೀಮರನ್ನು ಕೈಯಲ್ಲೇ ತಿರುಗಿಸಿದೆ. ಸ್ವಲ್ಪ ಕೊರೆಯುವುದು, ತೆಗೆದು ಒರೆಸುವುದು, ಎಣ್ಣೆ ಹಾಕಿ ಮತ್ತೆ ಸ್ವಲ್ಪ ಕೊರೆಯುವುದು. ಬೋಲ್ಟನ್ನು ಬಿಗಿಹಿಡಿಯುವ ಕಿವಿಗಳಿಗೆ ದೀಪದ ಕಾಡಿಗೆ ಬಳಿದು ಹಾಕಿ ತೆಗೆದು, ಕಪ್ಪು ಎಲ್ಲಿ ಅಳಿಸಿದೆ ಎಂದು ನೋಡಿ, ಕಿವಿಗಳೆರಡೂ ಸಮನಾಗಿ ಕೂರುವವರೆಗೆ ಉಜ್ಜಿದೆ. ಕೊನೆಗೆ ಒಳಗಿನ ಆಕಾರ ನೋಡಲು ಗಂಧಕ ಕರಗಿಸಿ ಗೂಡಿನೊಳಗೆ ಹೊಯ್ದು ಅಚ್ಚು ತೆಗೆದೆ. ಹಳದಿ ಅಚ್ಚು ಬಾಳೆದಿಂಡಿನ ಹಾಗೆ ನುಣ್ಣಗೆ ಹೊರಬಂತು. ಈಗಿನವರು ಇದಕ್ಕೆಲ್ಲ ಯಂತ್ರ, ಗೇಜು ಇಟ್ಟುಕೊಂಡಿದ್ದಾರೆ, ಒಳ್ಳೆಯದೇ. ಆದರೆ ಆ ಅಚ್ಚಿನ ಮೇಲೆ ಬೆರಳಾಡಿಸಿದ ಸುಖ ಅವರಿಗೆ ಸಿಗುವುದಿಲ್ಲ.

ಮಾದಪ್ಪನವರು ಅಚ್ಚನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, "ಪರವಾಗಿಲ್ಲ," ಎಂದರು. ಆಮೇಲೆ ಫ್ರಾನ್ಸಿಸ್ ಕೆತ್ತಿದ ಮರವನ್ನು, ಅಳತೆ ನೋಡಲು ಬಂದಿದ್ದ ಮುತ್ತಮ್ಮನವರ ಕೆನ್ನೆಗೆ ಹಿಡಿದು ನೋಡಿ, "ಚೆನ್ನಾಗಿದೆ ಕಣಯ್ಯಾ," ಎಂದರು. ಆ ಶಬ್ದ ಅವರಿಗೆ ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಠಾಣೆಗೆ ತಿಳಿಸಿ, ಮಾಕಳಿಯ ಆಚೆ ಕೆಲಸ ನಿಂತಿದ್ದ ಒಂದು ಕಲ್ಲುಕೋರೆಗೆ ಕೋವಿ ತೆಗೆದುಕೊಂಡು ಹೋದೆವು. ಮೊದಲು ಅದನ್ನು ಹಳೆಯ ಲಾರಿ ಟೈರಿಗೆ ಕಟ್ಟಿ, ಬಂಡೆಯ ಮರೆಯಿಂದ ಹಗ್ಗ ಎಳೆದು ಹೊಡೆದೆವು. ಕೋರೆಯ ತುಂಬ ಸದ್ದು ತಿರುಗಿತು. ಓಡಿಹೋಗಿ ಖಾಲಿ ತೋಟಾ ತೆಗೆದು ನೋಡಿದವನು ನಾನು. ಗೂಡಿನ ತಪ್ಪು ಅದರ ಮೇಲೇ ಮೂಡುತ್ತದೆ. ಒಂದು ಗೀರಿಲ್ಲ, ಒಂದು ಉಬ್ಬಿಲ್ಲ. ಅದನ್ನು ಎಲ್ಲರಿಗೂ ತೋರಿಸಿದೆ. ಬೋಪಯ್ಯನವರು, "ಹಿತ್ತಾಳೆಗೆ ಒಳ್ಳೇ ಹೊಳಪಿದೆ," ಎಂದರು.

ಆಮೇಲೆ ಪದ್ಧತಿಯಂತೆ ಫ್ರಾನ್ಸಿಸ್ ಭುಜ ಕೊಟ್ಟು ಮೊದಲ ಗುಂಡು ಹೊಡೆದ. ದೂರದಲ್ಲಿಟ್ಟ ಎಣ್ಣೆ ಡಬ್ಬ ಅಲ್ಲಾಡಲೂ ಇಲ್ಲ. ಬಂಡೆಯ ಚೂರು ಎಲ್ಲೋ ಪಕ್ಕದಲ್ಲಿ ಹಾರಿತು. ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಅವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡು, "ಒದೆತ ಪರ್ವಾಗಿಲ್ಲಮ್ಮಾ. ನನ್ ಗುರಿ ಮಾತ್ರ ನೋಡ್ಬೇಡಿ," ಎಂದ. ಎಲ್ಲರೂ ನಕ್ಕರು. ನಾನು ಗುರಿ ತಪ್ಪಿದ್ದರೆ ಯಾರೂ ನಗುತ್ತಿರಲಿಲ್ಲ, ಪಾಪ ಎನ್ನುತ್ತಿದ್ದರು.

ಮುತ್ತಮ್ಮನವರು ಸೆರಗು ಸಿಕ್ಕಿಸಿ ನಿಂತರು. ಮೊದಲ ಗುಂಡಿಗೆ ಡಬ್ಬ ಎಗರಿತು. ಅದು ಉರುಳಿ ನಿಲ್ಲುವ ಮೊದಲೇ ಬೋಲ್ಟು ಹಿಂದೆ ಹೋಗಿ ಮುಂದೆ ಬಂದು ಎರಡನೆಯ ಗುಂಡೂ ಅದಕ್ಕೆ ಬಿತ್ತು. ಆ ಬೋಲ್ಟು ಬೆಣ್ಣೆಯಲ್ಲಿ ಜಾರಿದಂತೆ ಜಾರಿದ್ದು ನನ್ನ ಕೈಕೆಲಸದಿಂದ. ಅವರು ಕೋವಿಯನ್ನು ಇಳಿಸಿ, ಖಾಲಿಯೆಂದು ನೋಡಿ, ಕಣ್ಣೊರೆಸಿಕೊಂಡರು. "ಅಪ್ಪ ಇರ್ಬೇಕಿತ್ತು," ಎಂದರು. ಆಮೇಲೆ ಫ್ರಾನ್ಸಿಸ್ ಕಡೆ ತಿರುಗಿ, "ಒಬ್ಬರಾದ್ರೂ ನನ್ನ ಕೇಳಿದ್ರಲ್ಲ," ಎಂದರು.

ಮಾದಪ್ಪನವರು ಅಲ್ಲೇ, ಕೋರೆಯ ಧೂಳಿನಲ್ಲೇ, ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಕೈಗೆ ಕೊಟ್ಟರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿಕೊಳ್ಳುತ್ತದೆ ಎನ್ನುವುದನ್ನು ಕೇಳಿದ್ದೆ. ಹಾವು ಬಾಚಣಿಗೆ ಇಟ್ಟುಕೊಂಡಿರುತ್ತದೆ ಎಂದು ಗೊತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಆನೆಯ ಕತೆ ಮುಗಿಯಿತೆಂದು ಸುದ್ದಿ ಬಂತು. ಎರಡು ಗುಂಡು ಬೇಕಾಯಿತಂತೆ, ಎರಡನೆಯದು ತಡವಾಗಿದ್ದರೆ ಪಕ್ಕದಲ್ಲಿದ್ದ ಗಾರ್ಡು ಉಳಿಯುತ್ತಿರಲಿಲ್ಲವಂತೆ. ಸುದ್ದಿಯ ಜೊತೆ ಕಾಫಿ ಪುಡಿಯ ಡಬ್ಬವೂ ಬಂತು, ಫ್ರಾನ್ಸಿಸ್ ಹೆಸರಿಗೆ. ಅವನು ಅರ್ಧ ನನಗೆ ಕೊಟ್ಟ. ಮನೆಗೆ ತಂದು ಕುಡಿದೆ. ಬಹಳ ಚೆನ್ನಾಗಿತ್ತು, ಅದೊಂದು ಸಂಕಟ. ಅಲ್ಲಿಂದಾಚೆ ಕೊಡಗಿನಿಂದ ಯಾರು ಬಂದರೂ, "ಆ ಫ್ರಾನ್ಸಿಸ್ ಕೋವಿ ಕಟ್ಟಿದ ಶೆಡ್ಡು ಇದೇನಾ?" ಎಂದು ಕೇಳುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಗೂಡು ಕೊರೆದದ್ದು ಯಾರು ಎಂದು ಯಾರಾದರೂ ಕೇಳಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಿದ್ದೆ. ಕೋವಿ ನೋಡಿದವರಿಗೆ ಗೂಡು ಕಾಣುವುದಿಲ್ಲ. ಚೆನ್ನಾಗಿದ್ದರಂತೂ ಅದರ ನೆನಪೂ ಬರುವುದಿಲ್ಲ.

ಎಂಬತ್ತರ ದಶಕದಲ್ಲಿ ಫ್ರಾನ್ಸಿಸ್ ಗಲ್ಫಿಗೆ ಹೋದ. ಹೋಗುವಾಗ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ನೀನೇ ಸರಿ ಗುರು ಇದಕ್ಕೆ," ಎಂದ. ಗೆದ್ದು ಪಡೆದದ್ದಲ್ಲ, ಬಿಟ್ಟುಹೋದದ್ದು. ಸೊಂಟಕ್ಕೆ ಸಿಕ್ಕಿಸಿಕೊಂಡೆ, ಭಾರವಾಗಿಯೇ ಇತ್ತು. ಮಾದಪ್ಪನವರು ಪೂರ್ತಿ ಕಣ್ಣು ಕಾಣದೆ ಮನೆಯಲ್ಲಿ ಕೂತ ಮೇಲೆ ಶೆಡ್ಡು ನನ್ನ ಕೈಯಲ್ಲೇ ನಡೆಯಿತು. ಫೋರ್ ಫಿಫ್ಟಿ ಎಯ್ಟ್ ನಳಿಗೆ ಎಣ್ಣೆ ಬಟ್ಟೆಯಲ್ಲಿ ಹಾಗೇ ಮಲಗಿತ್ತು.

ಹೀಗಿರುವಾಗ ಮುತ್ತಮ್ಮನವರು ಅದೇ ಕೋವಿಯೊಂದಿಗೆ ಮತ್ತೆ ಬಂದರು. ತಲೆ ನರೆತಿತ್ತು. ಜೊತೆಯಲ್ಲಿ ಅವರ ಅಣ್ಣನ ಮಗಳು ಮತ್ತು ಅವಳ ಗಂಡ. ಗಂಡ ಮಿಲಿಟರಿಯವನು, ಮೀಸೆ, ಎತ್ತರ, ಎಲ್ಲ ಇತ್ತು. "ನಂಗಿನ್ನು ಭುಜ ಕೇಳಲ್ಲ ಮೂರ್ತಿಯವರೇ. ಕೋವಿ ಮನೆಯೋರಿಗೇ ಹೋಗ್ಲಿ. ಮರ ಅಳತೆಗೆ ಸರಿ ಮಾಡಿಕೊಡಿ," ಎಂದರು. ನಾನು ಬೋಲ್ಟು ತೆಗೆದು ಗೂಡಿನೊಳಗೆ ದೀಪ ಬಿಟ್ಟು ನೋಡಿದೆ. ಅಷ್ಟು ವರ್ಷವಾದರೂ ಕನ್ನಡಿಯ ಹಾಗಿತ್ತು. ಟೇಪು ಹಿಡಿದೆ. ಮಿಲಿಟರಿಯವನು ಆಗಲೇ ತೋಳು ಚಾಚಿ ನಿಂತಿದ್ದ.

ನಾನು ನಿಂತೆ. ಅವನನ್ನು ಬಿಟ್ಟು ಮುತ್ತಮ್ಮನವರ ಕಡೆ ತಿರುಗಿ, ಎಷ್ಟೋ ವರ್ಷದಿಂದ ಬಾಯಲ್ಲಿ ಕಾದಿದ್ದ ಮಾತನ್ನು ಕೇಳಿದೆ. "ಅಮ್ಮಾ, ಹೊಡೆಯೋರು ಯಾರು?"

ಅವರ ಮುಖವೆಲ್ಲ ಅರಳಿತು. ಅಣ್ಣನ ಮಗಳ ಭುಜ ತಟ್ಟಿ, "ಇವಳು. ಇವಳಪ್ಪ ತನ್ನ ಕೋವಿ ಗೋಡೆಗೆ ಹಾಕಿಟ್ಟ, ಮಗಳು ನಂದನ್ನ ಹೆಗಲಿಗೇರಿಸ್ತಾಳೆ," ಎಂದರು. ಆಮೇಲೆ ಪ್ರೀತಿಯಿಂದಲೇ ಕೇಳಿದರು, "ಇದು ಫ್ರಾನ್ಸಿಸ್ ಪ್ರಶ್ನೆ ಅಲ್ವಾ? ನಿಮಗೆ ಚೆನ್ನಾಗಿ ಕಲಿಸಿ ಹೋಗಿದ್ದಾರೆ."

ನಾನು ಹುಡುಗಿಯ ಭುಜ ಅಳೆದೆ.

ಈಗ ಕಲಿಯಲು ಬರುವವರಿಗೆ ಮೊದಲ ದಿನ ನಾನು ಹೇಳಿಕೊಡುವುದು ಈ ಪ್ರಶ್ನೆಯನ್ನೇ. ಪ್ರಾಣಿ ಯಾವುದು, ಗುಂಡು ಎಷ್ಟು ತೂಕ, ನಳಿಗೆ ಎಷ್ಟು ಉದ್ದ, ಎಲ್ಲ ಆಮೇಲೆ. ಅವರು ಅದನ್ನು ಮೂರ್ತಿ ಮೇಷ್ಟ್ರ ಪ್ರಶ್ನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೇಳಿಸಿದಾಗಲೆಲ್ಲ ನಾನು, ಅಲ್ಲ, ಅದು ಫ್ರಾನ್ಸಿಸ್‌ನದು ಎಂದು ತಿದ್ದುತ್ತೇನೆ. ತಿದ್ದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.